ಉಪಮೆ ಕೂಡದು

ನನ್ನ ಮೇಲೆ ದೂರು ಕೊಟ್ಟವಳು ಮೊಸರು ಮಾರುವ ಯಲ್ಲಮ್ಮ. ಮೊಸರು ತಿಂದರೆ ಮಲೇರಿಯ ಬರುತ್ತದೆ ಎಂದು ನಾನು ಭದ್ರಾವತಿಯ ಗಾಡಿಕೇರಿಯಲ್ಲೆಲ್ಲ ಸಾರಿಕೊಂಡು ತಿರುಗುತ್ತಿದ್ದೇನೆ, ಹದಿನೈದು ದಿನದಿಂದ ತನ್ನ ಗಡಿಗೆ ತುಂಬಿದ್ದು ತುಂಬಿದಂತೆಯೇ ಮನೆಗೆ ವಾಪಸ್ಸು ಬರುತ್ತಿದೆ ಎಂಬುದು ಅವಳ ದೂರು. ಹಾಗೆ ನಾನು ಹೇಳಿರಲಿಲ್ಲ. ಆದರೆ ಹಾಗೆ ಕೇಳಿಸುವಂಥದ್ದನ್ನು ಹೇಳಿದ್ದೆ. ತಪ್ಪು ನನ್ನದಿದ್ದರೆ ನನ್ನದು ಎನ್ನುವುದಕ್ಕೆ ನನಗೆ ನಾಚಿಕೆಯಿಲ್ಲ. ನಾಚಿಕೆಯಾಗಬೇಕಾಗಿದ್ದವರು ಬೇರೆ ಇದ್ದರು. ಅವರು ಕುರ್ಚಿಯ ಮೇಲೆ ಕೂತು ನನ್ನ ವಿಚಾರಣೆ ಮಾಡಿದರು.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ನನ್ನ ಹೆಸರು ದಾಕ್ಷಾಯಣಮ್ಮ, ಶಿವಮೊಗ್ಗದ ಕೋಟೆ ಬೀದಿಯವಳು. ಗಂಡ ತೀರಿಕೊಂಡಾಗ ನನಗೆ ಇಪ್ಪತ್ತಾರು ವರ್ಷ. ಅಣ್ಣನ ಮನೆಯಲ್ಲಿ ರೊಟ್ಟಿ ತಟ್ಟಿಕೊಂಡು, ಅತ್ತಿಗೆಯ ಮುಖ ನೋಡಿಕೊಂಡು ಬದುಕಬಹುದಿತ್ತು. ನನಗೆ ಅದು ಬೇಡವಾಗಿತ್ತು. ಓದು ಬರಹ ಬರುತ್ತಿತ್ತು, ಕಾಲಲ್ಲಿ ಶಕ್ತಿ ಇತ್ತು. ಊರಿನ ನಾಲ್ಕು ಜನ ದೊಡ್ಡವರು ಸೇರಿ ಮಲೇರಿಯ ಓಡಿಸಲು ಶೀತಜ್ವರ ನಿವಾರಣಾ ಸಂಘ ಅಂತ ಒಂದನ್ನು ಕಟ್ಟಿದ್ದರು. ಮನೆಮನೆಗೆ ಹೋಗಿ ಕ್ವಿನೈನ್ ಗುಳಿಗೆ ಹಂಚುವುದಕ್ಕೆ ಒಬ್ಬಳು ಹೆಂಗಸು ಬೇಕು ಎಂದರು. ಜ್ವರದ ಕೇರಿಗಳಿಗೆ ಹೋಗಲು ಬೇರೆ ಯಾರೂ ಒಪ್ಪದೆ ಇದ್ದದ್ದರಿಂದ ಕೆಲಸ ನನಗೆ ಸಿಕ್ಕಿತು. ಇದು ಮೂವತ್ತೇಳು, ಮೂವತ್ತೆಂಟನೇ ಇಸವಿಯ ಮಾತು.

ಬೆಳಗಿನ ರೈಲು ಹತ್ತಿ ಭದ್ರಾವತಿಗೆ ಹೋಗುತ್ತಿದ್ದೆ. ಹೊಳೆದಂಡೆಯ ಮೇಲೆ ಮೂವತ್ತು ನಲವತ್ತು ಗುಡಿಸಲಿನ ಗಾಡಿಕೇರಿ. ಕಾಡಿನಲ್ಲಿ ಸುಟ್ಟ ಇದ್ದಿಲನ್ನು ಎತ್ತಿನ ಗಾಡಿಯಲ್ಲಿ ತುಂಬಿಕೊಂಡು ಕಬ್ಬಿಣದ ಕಾರ್ಖಾನೆಗೆ ಹೊಡೆಯುವವರು ಅವರು. ಸಾಬರೇ ಹೆಚ್ಚು, ಜೊತೆಗೆ ಕೆಲವು ತಮಿಳರು, ಕೆಲವು ನಮ್ಮವರು. ಮುದುಕರು ಊರನ್ನು ಇನ್ನೂ ಬೆಂಕೀಪುರ ಎಂದೇ ಕರೆಯುತ್ತಿದ್ದರು. ಕಾಡಿಗೆ ಹೋಗಿ ಬಂದವರೆಲ್ಲ ಜ್ವರ ಹೊತ್ತು ತರುತ್ತಿದ್ದರು. ತಗಡಿನ ಡಬ್ಬಿ ಹಿಡಿದು ನಾನು ಕೇರಿಗೆ ಕಾಲಿಟ್ಟರೆ ಮಕ್ಕಳು "ಗುಳಿಗೆ ಅಮ್ಮ ಬಂದ್ರು" ಎಂದು ಓಡಿಹೋಗಿ ಅವಿತುಕೊಳ್ಳುತ್ತಿದ್ದವು. ಕ್ವಿನೈನ್ ಅಷ್ಟು ಕಹಿ.

ಡಬ್ಬಿಯ ಜೊತೆಗೆ ಒಂದು ಕರಪತ್ರವೂ ಇತ್ತು. ಅದನ್ನು ಬರೆದವರು ಸಂಘದ ಕಾರ್ಯದರ್ಶಿ ರಾಮಚಂದ್ರಪ್ಪನವರು. ರಿಟೈರಾದ ಸ್ಕೂಲ್ ಇನ್ಸ್‌ಪೆಕ್ಟರು. ಪ್ರಾಮಾಣಿಕ ಮನುಷ್ಯ, ಸಂಘದ ಒಂದು ಪೆನ್ಸಿಲನ್ನೂ ಮನೆಗೆ ಒಯ್ದವರಲ್ಲ. ಆದರೆ ಕನ್ನಡ ಬರೆಯಲು ಕೂತರೆ ಮೈಮೇಲೆ ಏನೋ ಬರುತ್ತಿತ್ತು. "ಶೀತಜ್ವರಾಣುವು ಮನುಷ್ಯನ ರಕ್ತಕಣಗಳಲ್ಲಿ ನೆಲೆಸುವ ಪರೋಪಜೀವಿಯು. ಜ್ವರೋಪಶಮನಾನಂತರವೂ ಸಪ್ತದಿನಪರ್ಯಂತ ಔಷಧಸೇವನೆಯನ್ನು ಅಬಾಧಿತವಾಗಿ ಮುಂದುವರಿಸತಕ್ಕದ್ದು." ಜ್ವರ ಬಿಟ್ಟರೂ ಏಳು ದಿನ ಬಿಡದೆ ಗುಳಿಗೆ ನುಂಗಿ ಎನ್ನುವುದಕ್ಕೆ ಇಷ್ಟು.

ಮೊದಲ ವರ್ಷ ನಾನು ಅದನ್ನೇ ಓದಿದೆ. ಜನ ಕೈಕಟ್ಟಿ ನಿಂತು ಮಂತ್ರ ಕೇಳಿದ ಹಾಗೆ ಕೇಳಿದರು. ಒಂದು ವಾರದ ಮೇಲೆ ಒಬ್ಬಳು ಮುದುಕಿ ನನ್ನ ಸೆರಗು ಹಿಡಿದು, "ಅಲ್ಲ ಕಣವ್ವಾ, ಅದು ಪರೋಪಕಾರಿ ಹುಳ ಅಂತೀರಿ, ಮತ್ತೆ ಅದನ್ನ ಕೊಲ್ಲೋಕೆ ಗುಳಿಗೆ ಯಾಕೆ ಕೊಡ್ತೀರಿ?" ಎಂದು ಕೇಳಿದಳು. ಪರೋಪಜೀವಿ ಎನ್ನುವುದು ಅವಳ ಕಿವಿಗೆ ಪರೋಪಕಾರಿ ಎಂದು ಬಿದ್ದಿತ್ತು. ಬೇರೆಯವರ ಮೈಯಲ್ಲಿ ಬಿಟ್ಟಿ ತಿಂದು ಬದುಕುವ ಹುಳಕ್ಕೆ ಅಂಥ ಹೆಸರಿಟ್ಟರೆ ಅವಳದೇನು ತಪ್ಪು. ರೈಲಿನಲ್ಲಿ ವಾಪಸ್ಸು ಬರುವಾಗ ನಾನೊಬ್ಬಳೇ ನಕ್ಕೆ.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಕೇರಿಯಲ್ಲಿ ಗೌಸ್ ಎಂಬ ಗಾಡಿಯವನಿದ್ದ, ಅವನ ಹೆಂಡತಿ ಅಮೀನಾ ಬೀ. ಅವರ ಮಗ ದಸ್ತಗೀರನಿಗೆ ಜ್ವರ ಬಂತು, ಒಂಬತ್ತು ವರ್ಷದವನು. ಆಗ ನಾವು ಏಳು ದಿನದ ಗುಳಿಗೆಯನ್ನು ಒಟ್ಟಿಗೇ ಕೈಗೆ ಕೊಟ್ಟು ಕರಪತ್ರ ಓದಿ ಬರುತ್ತಿದ್ದೆವು. ಮೂರನೇ ದಿನಕ್ಕೆ ಜ್ವರ ಬಿಟ್ಟಿತು. ಹುಡುಗ ಎದ್ದು ಕೂತು ಗಂಜಿ ಕುಡಿದ. ತಾಯಿ ಗುಳಿಗೆ ನಿಲ್ಲಿಸಿದಳು. ಎರಡು ವಾರದ ಮೇಲೆ ಜ್ವರ ತಿರುಗಿ ಬಂದು ನೆತ್ತಿಗೇರಿತು, ಗಾಡಿ ಕಟ್ಟಿ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಮಗು ಹೋಯಿತು. ನಾನು ನೋಡಲು ಹೋದಾಗ ಅಮೀನಾ ಬೀ ಒಂದು ಬಟ್ಟೆಯ ಗಂಟು ತಂದು ನನ್ನ ಮುಂದೆ ಬಿಚ್ಚಿದಳು. ಅದರಲ್ಲಿ ನಾಲ್ಕು ದಿನದ ಗುಳಿಗೆ ಹಾಗೇ ಇದ್ದವು. "ಮುಂದಿನ ಸಲಕ್ಕೆ ಬೇಕಾಗ್ತದೆ ಅಂತ ಎತ್ತಿಟ್ಟಿದ್ದೆ ಅಮ್ಮಾ" ಎಂದಳು.

ನಾನು ಓದಿದ್ದೆ. ಅವಳ ಬಾಗಿಲಲ್ಲಿ ನಿಂತು ಒಂದಕ್ಷರ ಬಿಡದೆ ಓದಿದ್ದೆ. ಅವಳು ದಡ್ಡಿಯಲ್ಲ, ಮನೆ ಕಟ್ಟಿಕೊಂಡು ಹೋಗುವ ಜಾಣೆ. ಉಳಿಸಿಡುವುದು ಅವಳ ಅಭ್ಯಾಸ. ಅಂದು ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಆ ಸಿಟ್ಟು ರಾಮಚಂದ್ರಪ್ಪನವರ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ. ಸಪ್ತದಿನಪರ್ಯಂತ ಎಂದು ಗಿಣಿಯ ಹಾಗೆ ಓದಿ ಬಂದ ಬಾಯಿ ನನ್ನದೇ ಅಲ್ಲವೆ.

ಮುಂದಿನ ಮಳೆಗಾಲಕ್ಕೆ ನಾನು ಎರಡು ಕೆಲಸ ಮಾಡಿದೆ. ಗುಳಿಗೆಯನ್ನು ಒಟ್ಟಿಗೆ ಕೊಡುವುದನ್ನು ಬಿಟ್ಟು ದಿನಾ ಹೋಗಿ ಎದುರಿಗೇ ನುಂಗಿಸತೊಡಗಿದೆ. ಎರಡನೆಯದು ಮೊಸರಿನ ಮಾತು. ಅದು ನನಗೆ ಹೊಳೆದದ್ದು ಅತ್ತಿಗೆಯ ಬೈಗುಳದಿಂದ. ಒಂದು ಬೆಳಿಗ್ಗೆ ಕಾಯಿಸಿದ ಹಾಲನ್ನು ನಾನು ಮೊಸರಿನ ಗಡಿಗೆಗೆ ಬಗ್ಗಿಸಿಟ್ಟೆ. ಗಡಿಗೆಯನ್ನು ತೊಳೆದೇ ಇಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಹಾಲು ಕೆಟ್ಟಿತ್ತು. "ಮೇಲೆ ಮೇಲೆ ನೀರು ಹಾಕಿ ತೊಳೆದ್ರೆ ಒಳಗಿನ ಹೆಪ್ಪು ಹೋಗ್ತದೇನೆ, ಮಂಕೇ?" ಎಂದು ಅತ್ತಿಗೆ ಕೂಗಿದಳು. ನನ್ನ ಮನಸ್ಸಿನಲ್ಲಿ ಇದ್ದದ್ದು ದಸ್ತಗೀರ.

ಮರುದಿನ ಕೇರಿಯಲ್ಲಿ ಕರಪತ್ರ ಮಡಿಸಿಟ್ಟು ಹೇಳಿದೆ: "ಜ್ವರ ಬಿಡ್ತು ಅಂದ್ರೆ ಮೊಸರಿನ ಗಡಿಗೆ ಒಂದ್ಸಲ ತೊಳೆದ ಹಾಗೆ ಅಷ್ಟೇ. ಹೆಪ್ಪು ಮಣ್ಣಿನೊಳಗೇ ಕೂತಿರ್ತದೆ. ಏಳು ದಿನ ತೊಳೆದ್ರೆ ಗಡಿಗೆ ಶುದ್ಧ. ನಡುವೆ ಬಿಟ್ರೆ ಮತ್ತೆ ಎಲ್ಲ ಹೆಪ್ಪುಗಟ್ತದೆ." ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸಿದರು. ಆ ಮಳೆಗಾಲ ಮೂರನೇ ದಿನಕ್ಕೆ ಗುಳಿಗೆ ಬೇಡ ಎಂದ ಹೆಂಗಸು ಕೇರಿಯಲ್ಲಿ ಒಬ್ಬಳೂ ಇರಲಿಲ್ಲ.

ಆದರೆ ಮೊಸರು ತಿನ್ನುವುದನ್ನೂ ಬಿಟ್ಟರು! ಜ್ವರಕ್ಕೆ ಹೆಪ್ಪು ಇದೆ, ಹೆಪ್ಪು ಅಂದರೆ ಮೊಸರು, ಆದ್ದರಿಂದ ಮೊಸರುಂಡರೆ ಜ್ವರ ಹೆಪ್ಪುಗಟ್ಟುತ್ತದೆ ಎಂದು ಲೆಕ್ಕ ಹಾಕಿದರು. ಒಬ್ಬಳು ಬಂದು, "ಗೊತ್ತಿಲ್ದೆ ಮಜ್ಜಿಗೆ ಕುಡಿದ್ಬಿಟ್ಟೆ, ಮತ್ತೆ ಒಂದನೇ ದಿನದಿಂದ ಶುರು ಮಾಡ್ಬೇಕಾ?" ಎಂದು ಅಳುವ ಮುಖದಲ್ಲಿ ಕೇಳಿದಳು. ನನಗೆ ತಮಾಷೆ ಎನ್ನಿಸಿತು. ಗುಳಿಗೆ ನುಂಗುತ್ತಾರಲ್ಲ, ಮೊಸರಿನ ಮಾತು ಹಾಳಾಗಲಿ ಎಂದು ಸುಮ್ಮನಾದೆ. ತಪ್ಪಿದ್ದು ಅಲ್ಲಿ. ಹೋಲಿಕೆ ಹೇಳಿದವಳು ಅದು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನೂ ಹೇಳಬೇಕಿತ್ತು. ಯಲ್ಲಮ್ಮ ತಲೆಯ ಮೇಲೆ ಗಡಿಗೆ ಹೊತ್ತು ಶಿವಮೊಗ್ಗದ ರೈಲು ಹತ್ತಿದ್ದು ಆಮೇಲೆ.

ನನ್ನನ್ನು ವಿಚಾರಣೆಗೆ ಕರೆದ ದಿನ ಕೇರಿಯಲ್ಲಿ ಇನ್ನೊಂದು ನಡೆದಿತ್ತು. ಅಮೀನಾ ಬೀಗೆ ಉಳಿದಿದ್ದು ಒಬ್ಬಳೇ ಮಗಳು, ಆರು ವರ್ಷದ ನೂರ್‌ಜಹಾನ್. ಅವಳಿಗೆ ಜ್ವರ ಬಂದು, ಗುಳಿಗೆ ಶುರುವಾಗಿ, ಅಂದಿಗೆ ಮೂರನೇ ದಿನ. ಬೆಳಿಗ್ಗೆ ಜ್ವರ ಬಿಟ್ಟಿತ್ತು. ಕಾಡಿನಿಂದ ಆಗಷ್ಟೇ ಬಂದಿದ್ದ ಗೌಸ್ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಸಾಕು ಮಾಡಿ ಅಮ್ಮಾ. ಕಿವಿ ಗುಂಯ್ ಅಂತದಂತೆ, ತಿಂದಿದ್ದೆಲ್ಲ ವಾಂತಿ ಮಾಡ್ತಾಳೆ. ಜ್ವರ ಹೋಯ್ತಲ್ಲ" ಎಂದ. ಅಮೀನಾ ಬೀ ಮಗುವಿನ ವಾಂತಿ ಒರೆಸುತ್ತಿದ್ದಳು. ಅಂದಿನ ಗುಳಿಗೆಯನ್ನು ಹೇಗೋ ನುಂಗಿಸಿ, ನಾಳೆ ಗೌಸನಿಗೆ ಸಮಾಧಾನವಾಗಿ ತಿಳಿಸಿ ಹೇಳೋಣ ಎಂದುಕೊಂಡು ಹೊರಟೆ. ಇನ್ನೂ ನಾಲ್ಕು ದಿನ ಬಾಕಿ ಇತ್ತು.

ಸಂಘದ ಕೋಣೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಒಂದು ಮಹಡಿಯ ಮೇಲೆ. ನಾನು ಹೋದಾಗ ಯಲ್ಲಮ್ಮ ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಸಾಕ್ಷಿಗೆಂದು ಹುಳಿ ಮೊಸರಿನ ಗಡಿಗೆಯನ್ನೂ ತಂದಿದ್ದಳು. ರಾಮಚಂದ್ರಪ್ಪನವರು ಕನ್ನಡಕ ಸರಿಮಾಡಿಕೊಂಡರು.

"ದಾಕ್ಷಾಯಣಮ್ಮನವರೇ, ಮೊಸರಿಗೂ ಶೀತಜ್ವರಕ್ಕೂ ಸಂಬಂಧವುಂಟೆಂದು ನಮ್ಮ ಕರಪತ್ರದಲ್ಲಿ ಎಲ್ಲಿದೆ?"

"ಎಲ್ಲೂ ಇಲ್ಲ."

"ಮತ್ತೆ ತಾವು ಹೇಳಿದ್ದು?"

"ಸಂಬಂಧ ಇದೆ ಅಂತ ಹೇಳಲಿಲ್ಲ. ಅದರ ಹಾಗೆ ಇದು ಅಂತ ಹೇಳಿದೆ."

ಯಲ್ಲಮ್ಮ ತಟ್ಟನೆ ಎದ್ದಳು. "ಅದರ ಹಾಗೆ ಅಂದ್ರೆ? ನನ್ನ ಮೊಸರು ಜ್ವರದ ಹಾಗಾ? ಏನು ಮಾತು ಅಂತ ಆಡ್ತೀರವ್ವಾ!"

ನಾನು ಅವಳ ಕಡೆ ತಿರುಗಿದೆ. "ಯಲ್ಲಮ್ಮಾ, ನಿನ್ನ ಈ ಗಡಿಗೇಲಿ ನಾಳೆ ಹಾಲು ತುಂಬಿಟ್ರೆ ಏನಾಗ್ತದೆ?"

"ಯಾರಾದ್ರೂ ಇದರಲ್ಲಿ ಹಾಲಿಡ್ತಾರಾ? ಕೆಟ್ಟೋಗ್ತದೆ."

"ತೊಳೆದು ಇಡ್ತೀನಿ."

"ತೊಳೆದ್ರೆ? ಮಣ್ಣು ಹೆಪ್ಪನ್ನ ಕುಡಿದಿರ್ತದೆ. ಬಿಸಿನೀರು ಹಾಕಿ ತಿಕ್ಕಬೇಕು, ಬಿಸಿಲಿಗೆ ಬೋರಲು ಹಾಕಬೇಕು. ನಾಳೆ ಮತ್ತೆ, ನಾಡಿದ್ದು ಮತ್ತೆ. ಮೂಗಿಟ್ಟು ನೋಡಿದ್ರೆ ಹುಳಿ ವಾಸನೆ ಇರಬಾರದು. ಒಂದು ವಾರ ಬೇಕು." ಅಷ್ಟು ಹೇಳಿ ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದಳು. "ಗುಳಿಗೆ ಏಳು ದಿನ ಅಂತೀರಲ್ಲ, ಅದಕ್ಕೇನಾ?"

"ಅದಕ್ಕೇ."

"ಥೂ! ಇಷ್ಟು ಹೇಳೋಕೆ ನನ್ನ ಹದಿನೈದು ದಿನದ ವ್ಯಾಪಾರ ತಿಂದ್ಬಿಟ್ರಲ್ಲವ್ವಾ. ಗಡಿಗೆ ಮಾತು ಗಡಿಗೇಗೆ, ನೀವು ಮೊಸರು ಉಣ್ಣಿ ಅಂತ ಒಂದು ಮಾತು ಸೇರಿಸಿದ್ರೆ ನಿಮ್ಮ ಬಾಯಿ ಸವೀತಿತ್ತಾ?"

"ಸೇರಿಸಬೇಕಿತ್ತು. ತಪ್ಪು ನನ್ನದೇ. ನಾಳೆ ಕೇರಿಯಲ್ಲಿ ಮೊಸರು ಉಣ್ಣಿ ಅಂತ ನಾನೇ ಎಲ್ಲರೆದುರು ಹೇಳ್ತೀನಿ."

ಯಲ್ಲಮ್ಮನ ಸಿಟ್ಟು ಅಲ್ಲಿಗೆ ಇಳಿಯಿತು. "ಬುದ್ದಿ, ನನ್ನ ದೂರು ನಾನು ವಾಪಸ್ ತಗೊಂಡೆ" ಎಂದು ರಾಮಚಂದ್ರಪ್ಪನವರಿಗೆ ಕೈಮುಗಿದಳು.

"ದೂರು ದಾಖಲಾಗಿದೆ. ವಾಪಸ್ಸು ಪಡೆಯಲು ಅವಕಾಶವಿಲ್ಲ" ಎಂದರು ಅವರು.

ಆಮೇಲೆ ನನಗೆ ಪಾಠ ಶುರುವಾಯಿತು. "ನೋಡಿ ತಾಯಿ, ವಿಜ್ಞಾನ ಅಪರಂಜಿ ಚಿನ್ನದಂತೆ. ಅದಕ್ಕೆ ಹಿತ್ತಾಳೆ ಬೆರೆಸಬಾರದು. ಇಂದು ಮೊಸರು, ನಾಳೆ ಮಜ್ಜಿಗೆ. ಕಡಿವಾಣವಿಲ್ಲದ ಕುದುರೆಯ ಹಾಗೆ ಮಾತು ಎಲ್ಲೆಲ್ಲಿಗೋ ಓಡುತ್ತದೆ. ಕರಪತ್ರವನ್ನು ನಾನು ಒಂದೊಂದು ಪದವನ್ನೂ ತಕ್ಕಡಿಯಲ್ಲಿಟ್ಟು ತೂಗಿದಂತೆ ಬರೆದಿದ್ದೇನೆ. ಅದು ಆ ಜನಕ್ಕೆ ತಿಳಿಯುವುದಿಲ್ಲವೆಂದರೆ ಏನು ಮಾಡೋಣ? ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ!"

ಕೋಣ ಎಂಬ ಮಾತಿಗೆ ನನ್ನ ಮೈ ಉರಿಯಿತು. ಅಮೀನಾ ಬೀಯನ್ನು ಇವರು ಕಂಡಿರಲಿಲ್ಲ. ಆ ಗಂಟನ್ನು ಕಂಡಿರಲಿಲ್ಲ.

"ಸ್ವಾಮಿ, ಚಿನ್ನ ಒಂದು, ಕುದುರೆ ಎರಡು, ತಕ್ಕಡಿ ಮೂರು, ಕೋಣ ನಾಲ್ಕು" ಎಂದು ಬೆರಳು ಮಡಿಸಿದೆ. "ಒಂದು ಉಸಿರಿಗೆ ನಾಲ್ಕು ಉಪಮೆ ಹೇಳಿದ್ರಿ. ಒಂದೂ ನನಗೆ ತಿಳೀದೆ ಹೋಗಲಿಲ್ಲ. ನಿಮಗೆ ಮನಸ್ಸಿನ ಮಾತು ಹೇಳ್ಬೇಕಾದಾಗ ಉಪಮೆ ಬೇಕು. ಅವರ ಜೀವ ಉಳಿಸೋ ಮಾತಿಗೆ ಮಾತ್ರ ಬೇಡ್ವಾ?"

ಯಲ್ಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ರಾಮಚಂದ್ರಪ್ಪನವರ ಮುಖ ಕೆಂಪಾಯಿತು. ಅವರು ಪೆನ್ನು ತೆಗೆದುಕೊಂಡು ಒಂದು ಆರ್ಡರು ಬರೆದರು. ಗುಳಿಗೆ ಹಂಚುವ ಮಹಿಳೆಯು ಇನ್ನು ಮುಂದೆ ಕರಪತ್ರವನ್ನು ಇದ್ದದ್ದು ಇದ್ದಂತೆ ಓದತಕ್ಕದ್ದು; ಸ್ವಂತ ಮಾತು, ಕಥೆ, ಉಪಮೆ ಕೂಡದು. ನಾಳೆ ತಾವೇ ಭದ್ರಾವತಿಗೆ ಬಂದು ನೋಡುವುದಾಗಿಯೂ, ಒಂದು ಪದ ಹೆಚ್ಚಾದರೂ ಡಬ್ಬಿಯನ್ನು ಅಲ್ಲೇ ಒಪ್ಪಿಸಬೇಕೆಂದೂ ಬಾಯಲ್ಲಿ ಹೇಳಿದರು.

ಡಬ್ಬಿಯನ್ನು ಆಗಲೇ ಅವರ ಮೇಜಿನ ಮೇಲೆ ಕುಕ್ಕಿ ಬರಬೇಕೆನ್ನಿಸಿತು. ಆದರೆ ನನ್ನ ಜಾಗಕ್ಕೆ ಇನ್ನೊಬ್ಬರು ಸಿಗುವುದಕ್ಕೆ ತಿಂಗಳಾದರೂ ಬೇಕು, ನೂರ್‌ಜಹಾನಿಗೆ ಇರುವುದು ನಾಲ್ಕು ದಿನ. ಆ ಮಗುವಿನ ಮುಖ ನೆನಪಾಗಿ ಸಿಟ್ಟು ನುಂಗಿಕೊಂಡೆ. "ಓದ್ತೀನಿ. ಆದ್ರೆ ಈ ಕಾಗದಕ್ಕೆ ರುಜು ಹಾಕೋಳಲ್ಲ ನಾನು" ಎಂದು ಹೇಳಿ ಮೆಟ್ಟಿಲಿಳಿದೆ.

ಮರುದಿನ ಒಂದೇ ರೈಲಿನಲ್ಲಿ ಹೋದೆವು, ಅವರು ಸೆಕೆಂಡ್ ಕ್ಲಾಸಿನಲ್ಲಿ, ನಾನು ಥರ್ಡ್ ಕ್ಲಾಸಿನಲ್ಲಿ. ಗಾಡಿಕೇರಿಯಲ್ಲಿ ಯಾರೋ ಚಹಾದಂಗಡಿಯಿಂದ ಒಂದು ಕುರ್ಚಿ ತಂದು ಹಾಕಿದರು. ಕೋಟು, ಪೇಟ, ಬೆಳ್ಳಿಕಟ್ಟಿನ ಕೋಲು. ದೊಡ್ಡ ಸಾಹೇಬರು ಬಂದಿದ್ದಾರೆಂದು ಕೇರಿಯೆಲ್ಲ ನೆರೆಯಿತು. ಗೌಸ್ ಮಗಳನ್ನು ಎತ್ತಿಕೊಂಡು ಮುಂದೆಯೇ ನಿಂತಿದ್ದ. ಅಮೀನಾ ಬೀ ಗುಡಿಸಲ ಬಾಗಿಲಲ್ಲಿ, ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ನಿಂತಿದ್ದಳು.

ನಾನು ಓದಿದೆ. ಜ್ವರೋಪಶಮನಾನಂತರವೂ ಸಪ್ತದಿನಪರ್ಯಂತ ಔಷಧಸೇವನೆಯನ್ನು ಅಬಾಧಿತವಾಗಿ ಮುಂದುವರಿಸತಕ್ಕದ್ದು. ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಓದಿ ಮುಗಿಸಿ ಬಾಯಿ ಮುಚ್ಚಿಕೊಂಡೆ. ರಾಮಚಂದ್ರಪ್ಪನವರು ಸಂತೋಷದಿಂದ ತಲೆಯಾಡಿಸಿದರು.

ಗೌಸನ ಮುಖ ಅರಳಿತು. "ಅಬಾಧಿತ ಅಂದ್ರಲ್ಲ ಸಾಬ್, ಬಾಧೆ ಇಲ್ದಿದ್ರೆ ಅಂತ ತಾನೆ? ನನ್ನ ಮಗಳಿಗೆ ಈಗ ಏನೂ ಬಾಧೆ ಇಲ್ಲ. ಮುಟ್ಟಿ ನೋಡಿ, ಹಣೆ ತಣ್ಣಗಿದೆ. ಹಾಗಾದ್ರೆ ನಿಲ್ಲಿಸಬೌದು."

"ಅಲ್ಲಪ್ಪ, ಅಲ್ಲ! ಅಬಾಧಿತವಾಗಿ ಎಂದರೆ ನಿರಂತರವಾಗಿ. ಅವಿಚ್ಛಿನ್ನವಾಗಿ."

"ಹೂಂ ಸಾಬ್" ಎಂದ ಗೌಸ್, ಬಹಳ ಮರ್ಯಾದೆಯಿಂದ.

"ತಿಳಿಯಿತೆ? ಅಣುಗಳು ಅವಶಿಷ್ಟವಾಗಿರುತ್ತವೆ. ಅವಶಿಷ್ಟ ಎಂದರೆ..." ರಾಮಚಂದ್ರಪ್ಪನವರು ಗಾಳಿಯಲ್ಲಿ ಕೈಯಾಡಿಸಿದರು. ಅವರಿಗೂ ಹೇಳಬೇಕೆಂದಿತ್ತು, ಅದು ನನಗೆ ಕಾಣುತ್ತಿತ್ತು. ಮಾತು ಸಿಗಲಿಲ್ಲ.

"ಸ್ವಾಮಿ, ನಾನು ಹೇಳಲಾ?" ಎಂದೆ.

"ಕೂಡದು. ಆರ್ಡರಿದೆ."

"ಸಲಾಂ ಸಾಬ್" ಎಂದ ಗೌಸ್. ಮಗಳ ಕೆನ್ನೆ ಸವರಿ, "ನಡಿ ಬೇಟಿ, ಇನ್ನು ಕಹಿ ಇಲ್ಲ" ಎಂದು ಗುಡಿಸಲ ಕಡೆ ತಿರುಗಿದ. ನೂರ್‌ಜಹಾನ್ ಅವನ ಹೆಗಲ ಮೇಲಿಂದ ನನ್ನನ್ನು ನೋಡಿ ನಕ್ಕಿತು.

ದಸ್ತಗೀರನೂ ಗಂಜಿ ಕುಡಿದು ಹೀಗೇ ನಕ್ಕಿದ್ದನೋ ಏನೋ. ನನಗೆ ತಡೆಯಲಾಗಲಿಲ್ಲ. ಡಬ್ಬಿಯನ್ನು ರಾಮಚಂದ್ರಪ್ಪನವರ ತೊಡೆಯ ಮೇಲೆ ಇಟ್ಟೆ, ಕರಪತ್ರವನ್ನು ಅದರ ಮೇಲಿಟ್ಟೆ.

"ತಗೊಳ್ಳಿ. ನಿಮ್ಮ ಡಬ್ಬಿ ನಿಮಗೆ ಒಪ್ಪಿಸಿದೆ. ಈಗ ನಾನು ಸಂಘದವಳಲ್ಲ, ನನ್ನ ಬಾಯಿಗೆ ನಿಮ್ಮ ಆರ್ಡರಿಲ್ಲ. ಗೌಸ್, ನಿಂತ್ಕೊಳಪ್ಪ!"

ಗೌಸ್ ಬೆಚ್ಚಿ ನಿಂತ. ನಾನು ಮೊಸರಿನ ಮಾತು ಎತ್ತಲಿಲ್ಲ. ಅವನು ಅಡುಗೆಮನೆಯವನಲ್ಲ, ಗಾಡಿಯವನು.

"ಹೋದ ಬೇಸಿಗೇಲಿ ಲಕ್ಕವಳ್ಳಿ ದಾರೀಲಿ ನಿನ್ನ ಗಾಡಿ ಹೊತ್ತಿ ಉರೀತಲ್ಲ, ಯಾರು ಬೆಂಕಿ ಇಟ್ರು?"

"ಯಾರು ಇಡ್ತಾರೆ ಅಮ್ಮಾ? ಇದ್ದಿಲಲ್ಲಿ ಒಂದು ಕೆಂಡ ಉಳಿದಿತ್ತು."

"ತುಂಬೋ ಮುಂಚೆ ಮುಟ್ಟಿ ನೋಡಿರಲಿಲ್ವಾ?"

"ನೋಡದೆ ತುಂಬ್ತೀನಾ? ಮೇಲೆಲ್ಲ ತಣ್ಣಗಿತ್ತು. ಕೆಂಡ ಹಾಗೇ ಅಮ್ಮಾ, ನಡುವೆ ಎಲ್ಲೋ ಕಣ್ಣು ಮುಚ್ಚಿಕೊಂಡು ಕೂತಿರ್ತದೆ. ಮೇಲೆ ಕೈಯಿಟ್ರೆ ಗೊತ್ತಾಗಲ್ಲ. ಮೂರು ಮೈಲಿ 'ಆರಿದೆ, ಆರಿದೆ' ಅಂತಾನೇ ಹೋಗ್ತೀವಿ. ಒಂದು ಗಾಳಿ ಸಿಕ್ತು ಅಂದ್ರೆ..."

ಅವನ ಕೈ ಮಗಳ ಹಣೆಗೆ ಹೋಗಿ ಅಲ್ಲೇ ನಿಂತಿತು. ನಾನು ಮುಂದೆ ಏನೂ ಹೇಳಬೇಕಾಗಲಿಲ್ಲ. ಕೇರಿಯಲ್ಲಿ ಗಾಡಿ ಉರಿಸಿಕೊಳ್ಳದವರು ಯಾರೂ ಇರಲಿಲ್ಲ. ಗಂಡಸರೆಲ್ಲ ಆ ಹಣೆಯನ್ನೇ ನೋಡುತ್ತಿದ್ದರು.

ಅಮೀನಾ ಬೀ ಬಾಗಿಲಿನಿಂದ ಇಳಿದು ಬಂದಳು. ವರ್ಷವಾಗಿತ್ತು ಅವಳು ಆ ಹೆಸರನ್ನು ಬಾಯಲ್ಲಿ ಹೇಳಿ. "ದಸ್ತಗೀರಂದೂ ಹೀಗೇ ತಣ್ಣಗಿತ್ತು" ಎಂದಳು. "ನಾನು ಮುಟ್ಟಿ ನೋಡಿದ್ದೆ."

ಗೌಸ್ ಮಗಳನ್ನು ಕೆಳಗಿಳಿಸಿ ಮುಖ ತಿರುಗಿಸಿಕೊಂಡ. ಅವನ ಹೆಗಲು ಅಲುಗುತ್ತಿತ್ತು. ನನಗೂ ಕಣ್ಣು ತುಂಬಿತು, ಆದರೆ ಒಂದು ಸಲ ಪೆಟ್ಟು ತಿಂದ ಬುದ್ಧಿ ಎಚ್ಚರವಾಗಿತ್ತು. "ನೋಡಿ, ಕೆಂಡ ಅಂದ್ರು ಅಂತ ಜ್ವರದ ಮಕ್ಕಳ ಮೇಲೆ ಕೊಡದಲ್ಲಿ ತಣ್ಣೀರು ಸುರೀಬೇಡಿ. ಕೆಂಡದ ಮಾತು ಇಲ್ಲಿಗೆ ಮುಗೀತು, ಮುಂದೆ ಗುಳಿಗೆ. ಮೊಸರನ್ನೂ ಉಣ್ಣಿ, ಅದು ನಿಮಗೇನೂ ಮಾಡಲ್ಲ" ಎಂದು ಗಟ್ಟಿಯಾಗಿ ಹೇಳಿದೆ. ಹಿಂದೆ ನಿಂತಿದ್ದವರಲ್ಲಿ ಒಬ್ಬಿಬ್ಬರು ನಕ್ಕರು.

ಅಮೀನಾ ಬೀ ನಗಲಿಲ್ಲ. ಮಗಳ ರಟ್ಟೆ ಹಿಡಿದುಕೊಂಡು ನೇರವಾಗಿ ಕುರ್ಚಿಯ ಮುಂದೆ ಹೋಗಿ ನಿಂತಳು. ಪರಗಂಡಸಿನೆದುರು ಅವಳು ತಲೆಯೆತ್ತಿ ಮಾತಾಡಿದ್ದನ್ನು ನಾನು ಕಂಡದ್ದು ಅಂದೇ. "ಕೊಡಿ ಸಾಬ್, ಇವತ್ತಿಂದು" ಎಂದು ಅಂಗೈ ಒಡ್ಡಿದಳು. "ಇನ್ನೂ ಮೂರು ದಿನ ಆಮೇಲೆ ಇದೆ. ದಿನಾ ನೀವೇ ಬಂದು ಕೊಡ್ತೀರಾ? ಇವಳು ಉಗುಳ್ತಾಳೆ, ಬಾಯಿ ಒತ್ತಿ ಹಿಡೀಬೇಕು. ಇವಳಪ್ಪ ಬೇಡ ಅಂದ್ರೆ ಅವನಿಗೂ ಹೇಳ್ಬೇಕು. ನಿಮ್ಮ ಕೈಲಿ ಆಗ್ತದಾ?"

ರಾಮಚಂದ್ರಪ್ಪನವರು ತೊಡೆಯ ಮೇಲಿನ ಡಬ್ಬಿ ನೋಡಿದರು, ಆ ಅಂಗೈ ನೋಡಿದರು, ಗೌಸನ ಬೆನ್ನು ನೋಡಿದರು. ಡಬ್ಬಿಯ ಮುಚ್ಚಳಕ್ಕೆ ಉಗುರು ಹಾಕಿದರು. ಮುಚ್ಚಳ ಬರಲಿಲ್ಲ. ಕರಪತ್ರ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳದೆ ಡಬ್ಬಿಯನ್ನು ನನ್ನ ಕಡೆ ಚಾಚಿದರು.

ನಾನು ಕೈ ನೀಡಲಿಲ್ಲ. ಕೇರಿಯೆಲ್ಲ ನೋಡುತ್ತಿತ್ತು, ನೋಡಲಿ ಎಂದುಕೊಂಡೆ.

"ಮಾತು ಸಮೇತ ಕೊಡ್ತೀರಾ?" ಎಂದೆ.

ಆ ಮನುಷ್ಯ ಮೂವತ್ತು ವರ್ಷ ಇನ್ಸ್‌ಪೆಕ್ಟರಾಗಿದ್ದವರು. ಅವರು ಪುಸ್ತಕದ ಭಾಷೆ ಬಿಟ್ಟು ಮಾತಾಡಿದ್ದನ್ನು ಶಿವಮೊಗ್ಗದಲ್ಲಿ ಯಾರೂ ಕೇಳಿರಲಿಲ್ಲ. ಅಮೀನಾ ಬೀಯ ಅಂಗೈ ಇನ್ನೂ ಅವರ ಮುಖದ ಮುಂದೆ ಹಾಗೇ ಇತ್ತು.

"ಕೊಟ್ಟೆ ಮಾರಾಯ್ತಿ" ಎಂದರು. "ಮಾತು ಸಮೇತ ಕೊಟ್ಟೆ. ಮೊದ್ಲು ಆ ಮಗೂಗೆ ಗುಳಿಗೆ ಕೊಡು."

ನಾನು ಮುಚ್ಚಳ ತೆಗೆದೆ. ಗೌಸ್ ಕಣ್ಣೊರೆಸಿಕೊಂಡು ಬಂದು ಮಗಳ ಎರಡೂ ಕೈ ಹಿಡಿದುಕೊಂಡ. ನೂರ್‌ಜಹಾನ್ ಕಿರುಚಿತು, ಅಮೀನಾ ಬೀ ಬಾಯಿ ಬಿಡಿಸಿದಳು, ನಾಲ್ಕನೇ ದಿನದ ಗುಳಿಗೆ ಒಳಗೆ ಹೋಯಿತು.